ಕೋರ್ಟೆಸನ ದಂಡಯಾತ್ರೆ

500 ಚಿಲ್ಲರೆ ಸಿಪಾಯಿಗಳೂ 16 ಕುದುರೆಗಳೂ ಸೇರಿ ಒಂದು ಸಾಮ್ರಾಜ್ಯವನ್ನು ಗೆದ್ದ ಕಥೆ ಪಠ್ಯಪುಸ್ತಕಗಳಲ್ಲಿ ಸುಲಭವಾಗಿ ಬಂದುಬಿಡುತ್ತದೆ. ಹೆರ್ನಾನ್ ಕೋರ್ಟೆಸನ ಬಾಳನ್ನು ನಿಧಾನಿಸಿ ನೋಡಿದವರಿಗೆ ಅದು ಅಷ್ಟು ಸುಲಭವಾಗಿ ಒಪ್ಪಿಗೆಯಾಗದು.

1485ರಲ್ಲಿ ಸ್ಪೇನಿನ ಮೆದೆಯೀನ್ ಎಂಬ ಸಣ್ಣ ಊರಿನಲ್ಲಿ, ಕುಲವಿದ್ದೂ ಹಣವಿಲ್ಲದ ಮನೆತನದಲ್ಲಿ ಅವನು ಹುಟ್ಟಿದ. 1504ರಲ್ಲಿ ಕಡಲು ದಾಟಿದ; 1511ರಲ್ಲಿ ವೆಲಾಸ್ಕೆಸನೊಡನೆ ಕ್ಯೂಬಾವನ್ನು ಹೊಕ್ಕ. 1519ರಲ್ಲಿ ಅದೇ ವೆಲಾಸ್ಕೆಸ್ ತಾನಿತ್ತ ಅಪ್ಪಣೆಯನ್ನು ಹಿಂತೆಗೆದುಕೊಳ್ಳುವಷ್ಟರಲ್ಲಿ ಇವನು 11 ಹಡಗುಗಳೊಡನೆ ಹೊರಟುಬಿಟ್ಟಿದ್ದ. ತಿರುಗಿ ಹೋದರೆ ಸೆರೆಮನೆ. ಗೆದ್ದರೆ ಮಾತ್ರ ಕ್ಷಮೆ. ವೆರಾಕ್ರೂಸಿನ ದಡದಲ್ಲಿ ತನ್ನ ಹಡಗುಗಳನ್ನು ತಾನೇ ಕೆಡಿಸಿದವನ ಮನಸ್ಸು ಇದು. (ಸುಟ್ಟನೆಂಬುದು ಮುಂದಿನವರ ಕಲ್ಪನೆ.)

ನನಗೆ ತೋರುವಂತೆ, ಅವನ ಅತಿ ದೊಡ್ಡ ಭಾಗ್ಯ ತಬಾಸ್ಕೋದಲ್ಲಿ ಒದಗಿತು. ಅಲ್ಲಿ ಸೋತವರು ಕಾಣಿಕೆಯಾಗಿತ್ತ 20 ಮಂದಿ ಹೆಂಗಸರಲ್ಲಿ ಮಲಿಂತ್ಸಿನ್ ಒಬ್ಬಳು. ಅಜ್ಟೆಕರ ನಹುವಾಟ್ಲ್ ಅವಳ ತಾಯ್ನುಡಿ. ದಾಸಿಯಾಗಿ ಬಾಳಿದ ನಾಡಿನ ಮಾಯಾ ಭಾಷೆಯನ್ನೂ ಬಲ್ಲಳು. ಹಡಗೊಡೆದು ಮಾಯಾ ಜನರ ನಡುವೆ ವರ್ಷಗಳನ್ನು ಕಳೆದಿದ್ದ ಅಗಿಲಾರನೆಂಬ ಸ್ಪೇನಿಗ ಅವಳ ಮಾತನ್ನು ಸ್ಪ್ಯಾನಿಷಿಗೆ ತರುತ್ತಿದ್ದ. ಹೀಗೆ ಎರಡು ನಾಲಗೆಗಳನ್ನು ದಾಟಿ ಬಂದ ಮಾತಿನಿಂದ, ಅಜ್ಟೆಕರಿಗೆ ಕಪ್ಪ ತೆತ್ತು ಬೇಸತ್ತ ನಾಡುಗಳುಂಟೆಂಬುದನ್ನು ಕೋರ್ಟೆಸ್ ಅರಿತ. ಅಜ್ಟೆಕರ ಹಗೆಗಳಾದ ತ್ಲಾಸ್ಕಾಲಾದವರು ಮೊದಲು ಇವನೊಡನೆ ಕಾದಿ, ಬಳಿಕ ಕೈಜೋಡಿಸಿದರು. ಅವರ ಸಾವಿರಾರು ಯೋಧರಿಲ್ಲದೆ ಈ ವಿಜಯವೇ ಇಲ್ಲ.

ಚೊಲೂಲಾದ ಕಗ್ಗೊಲೆಯ ರಕ್ತ ಆರುವ ಮೊದಲೇ, 1519ರ ನವೆಂಬರ್ 8ರಂದು, ಸರೋವರದ ನಡುವಣ ತೆನೋಚ್ತಿತ್ಲಾನ್ ನಗರವನ್ನು ಅವನು ಅತಿಥಿಯಾಗಿ ಹೊಕ್ಕು, ಆತಿಥ್ಯವಿತ್ತ ಮೊಕ್ತೆಸೂಮನನ್ನೇ ಸೆರೆಯಾಗಿಸಿದ. ಮರುವರ್ಷ ಅವನಿಲ್ಲದಾಗ ಸಹಚರ ಅಲ್ವರಾಡೋ ಹಬ್ಬದಲ್ಲಿ ಕುಣಿಯುತ್ತಿದ್ದ ನಿರಾಯುಧರನ್ನು ಕೊಲ್ಲಿಸಿದ. ನಗರ ಸಿಡಿದೆದ್ದಿತು. ಮೊಕ್ತೆಸೂಮ ಸತ್ತ. ಜೂನ್ 30ರ ಇರುಳು ಕೋರ್ಟೆಸ್ ನೂರಾರು ಸಂಗಡಿಗರನ್ನು ಕಳೆದುಕೊಂಡು ಓಡಿದ. ಹೊತ್ತ ಚಿನ್ನದ ಭಾರಕ್ಕೆ ಮುಳುಗಿದವರೂ ಉಂಟು.

ಬಿದ್ದವನನ್ನು ಎತ್ತಿ ನಿಲ್ಲಿಸಿದ್ದು ತ್ಲಾಸ್ಕಾಲಾದ ಆಶ್ರಯ. ಅದರ ಜೊತೆಗೆ ಸಿಡುಬು. ಕಡಲಾಚೆಯಿಂದ ಬಂದ ಆ ಬೇನೆ ಹೊಸ ದೊರೆ ಕ್ವಿತ್ಲಾವಾಕನನ್ನೂ ಕೊಂದಿತು. ಕೋರ್ಟೆಸ್ 13 ನೌಕೆಗಳನ್ನು ಕಟ್ಟಿಸಿ, ಬಿಡಿಬಿಡಿಯಾಗಿ ಹೆಗಲ ಮೇಲೆ ಹೊರಿಸಿ ತಂದು ಸರೋವರಕ್ಕಿಳಿಸಿದ. ನಗರದ ಸಿಹಿನೀರನ್ನು ಕಡಿದ. 1521ರ ಆಗಸ್ಟ್ 13ರಂದು ತರುಣ ದೊರೆ ಕ್ವಾವ್ತೆಮೋಕ್ ಸೆರೆಸಿಕ್ಕ. ಚಿನ್ನದಾಸೆಗೆ ಅವನನ್ನು ಹಿಂಸಿಸಿದ್ದಕ್ಕಾಗಲಿ, 1525ರಲ್ಲಿ ನೇಣಿಗೇರಿಸಿದ್ದಕ್ಕಾಗಲಿ ಯಾವ ಸಮರ್ಥನೆಯೂ ಸಲ್ಲದು.

ಮುಂದೆ ಅರಸನಿಂದ ಬಿರುದು ಬಂತು, ಆಡಳಿತ ಕೈತಪ್ಪಿತು. 1547ರ ಡಿಸೆಂಬರ್ 2ರಂದು ಸೆವಿಲ್ಲಾದ ಬಳಿ ಅವನು ತೀರಿಕೊಂಡ. ಮೂಳೆಗಳು ಮೆಕ್ಸಿಕೋಗೆ ಹೋದುವು. ಆ ನಾಡು ಸ್ವತಂತ್ರವಾದ ಮೇಲೆ, 1823ರಲ್ಲಿ, ಜನರ ಕೋಪಕ್ಕೆ ಅಂಜಿ ಅವನ್ನು ಬಚ್ಚಿಡಬೇಕಾಯಿತು. 1946ರಲ್ಲಿ ಮತ್ತೆ ದೊರೆತುವು. ಅವನೇ ಸ್ಥಾಪಿಸಿದ ಆಸ್ಪತ್ರೆಯ ಪಕ್ಕದ ಇಗರ್ಜಿಯಲ್ಲಿ, ಹೆಸರೂ ಎರಡು ಇಸವಿಗಳೂ ಮಾತ್ರವುಳ್ಳ ಫಲಕದ ಹಿಂದೆ, ಈಗಲೂ ಇವೆ.