ಐರಾವತಿಯ ಚಿತ್ರಗಳು

ನಂದಿಬೆಟ್ಟಗಳ ಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿಯು ಗೌರಿಬಿದನೂರಿನ ಮಾರ್ಗವಾಗಿ ಹರಿಯುತ್ತದೆ. ಮಳೆಯನ್ನೇ ನಂಬಿದ ಆ ನದಿ ಉಗಿಹಡಗನ್ನು ಹೊರುವಂಥದಲ್ಲ. ಆದರೂ ದೂರದ ಬರ್ಮಾದ ಐರಾವತಿಯಲ್ಲಿ ನಡೆದ ಉಗಿಹಡಗಿನ ಯಾತ್ರೆಯೊಂದರ ಚಿತ್ರಗಳು ಅಚ್ಚಾದುದು ಈ ಸೀಮೆಗೆ ಸಮೀಪದ ಬೆಂಗಳೂರಿನಲ್ಲಿ. ಅವುಗಳನ್ನು ತೆಗೆದವನು ಲಿನೇಯಸ್ ಟ್ರೈಪ್.

ಇಂಗ್ಲೆಂಡಿನಲ್ಲಿ 1822ರಲ್ಲಿ ಜನಿಸಿದ ಟ್ರೈಪ್ ಈಸ್ಟ್ ಇಂಡಿಯಾ ಕಂಪೆನಿಯ ಮದ್ರಾಸ್ ಸೈನ್ಯದ ಅಧಿಕಾರಿಯಾಗಿದ್ದನು. ರಜೆಯಲ್ಲಿ ಸ್ವದೇಶಕ್ಕೆ ಹೋಗಿದ್ದಾಗ, ಆಗ ತಾನೇ ಬೆಳೆಯುತ್ತಿದ್ದ ಛಾಯಾಚಿತ್ರಕಲೆ ಅವನ ಮನಸ್ಸನ್ನು ಸೆಳೆಯಿತು. 1854ರಲ್ಲಿ ಬೆಂಗಳೂರಿಗೆ ಮರಳಿದವನು ಆ ವರ್ಷದ ಕೊನೆಯಲ್ಲಿಯೇ ಹಳೇಬೀಡು, ಬೇಲೂರುಗಳ ಶಿಲ್ಪವೈಭವವನ್ನು ಚಿತ್ರಗಳಲ್ಲಿ ಸೆರೆಹಿಡಿದನು.

1852ರ ಯುದ್ಧದಲ್ಲಿ ಬ್ರಿಟಿಷರು ಬರ್ಮಾದ ಪೆಗು ಪ್ರಾಂತವನ್ನು ವಶಪಡಿಸಿಕೊಂಡಿದ್ದರು. ಮಿಂಡಾನ್ ದೊರೆಯೊಡನೆ ಒಪ್ಪಂದ ಮಾಡಿಕೊಳ್ಳಲು 1855ರಲ್ಲಿ ರಾಯಭಾರಿಗಳ ತಂಡವೊಂದು ರಾಜಧಾನಿಯಾದ ಅಮರಪುರಕ್ಕೆ ಹೊರಟಿತು. ಟ್ರೈಪ್ ಅದರ ಛಾಯಾಚಿತ್ರಕಾರನಾದನು. ಮಳೆಗಾಲದ ಪ್ರವಾಹಕ್ಕೆ ಎದುರಾಗಿ, ಉಗಿಹಡಗುಗಳು ಬೇರೆ ದೋಣಿಗಳನ್ನು ಎಳೆದುಕೊಂಡು ಸಾಗಿದವು. ಚಲಿಸುವ ಹಡಗಿನಿಂದ ಚಿತ್ರ ತೆಗೆಯುವುದು ಅಂದು ಅಸಾಧ್ಯವಾಗಿದ್ದಿತು. ಮೇಣ ಸವರಿ ಬೆಳ್ಳಿಯ ಲವಣದಲ್ಲಿ ನೆನೆಸಿದ ಕಾಗದವೇ ಅವನ ನೆಗೆಟಿವ್. ಅದರ ಮೇಲೆ ಬಿಂಬ ಮೂಡಲು ಕ್ಯಾಮೆರಾ ನಿಮಿಷಗಟ್ಟಲೆ ಅಲುಗಾಡದೆ ನಿಲ್ಲಬೇಕಾಗಿತ್ತು. ಆದುದರಿಂದ ಹಡಗು ದಡ ಸೇರಿದಾಗಲೆಲ್ಲ ಟ್ರೈಪ್ ತನ್ನ ಭಾರವಾದ ಸಲಕರಣೆಗಳೊಡನೆ ಇಳಿಯುತ್ತಿದ್ದನು. ಪಗಾನಿನ ಪುರಾತನ ದೇವಾಲಯಗಳು ಹೀಗೆ ಚಿತ್ರಗಳಾದವು. ಮಳೆ ಮೋಡಗಳ ಕಾಟ ಒಂದೆಡೆ, ಅನಾರೋಗ್ಯ ಇನ್ನೊಂದೆಡೆ. ಕೆಲಸಕ್ಕೆ ದೊರೆತುದು ಕೇವಲ 36 ದಿನಗಳು. ಅಷ್ಟರಲ್ಲಿಯೇ ಅವನು 200ಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಸಿದ್ಧಪಡಿಸಿದನು! ದೊರೆ ಒಪ್ಪಂದಕ್ಕೆ ಸಹಿ ಹಾಕಲಿಲ್ಲ. ರಾಯಭಾರ ವಿಫಲವಾಯಿತು, ಚಿತ್ರಗಳು ಉಳಿದವು.

ಬೆಂಗಳೂರಿಗೆ ಹಿಂದಿರುಗಿದ ಮೇಲೆ 120 ಚಿತ್ರಗಳನ್ನು ಆರಿಸಿ, ಒಂದೊಂದಕ್ಕೂ ಸುಮಾರು 50 ಪ್ರತಿಗಳನ್ನು ಬಿಸಿಲಿನ ನೆರವಿನಿಂದ ತೆಗೆಯಬೇಕಾಯಿತು. ಬರಿದಾಗಿ ಕಾಣುತ್ತಿದ್ದ ಆಕಾಶಕ್ಕೆ ನೆಗೆಟಿವ್‌ನಲ್ಲಿಯೇ ಕುಂಚದಿಂದ ಮೋಡಗಳನ್ನು ಬರೆದುದೂ ಉಂಟು. ಇದು ಸತ್ಯಕ್ಕೆ ಸ್ವಲ್ಪ ಅಪಚಾರವೇ ಸರಿ. ಆದರೂ ಚಿತ್ರಗಳ ಸೊಗಸು ಅದರಿಂದ ಹೆಚ್ಚಿತು.

1856ರಲ್ಲಿ ಅವನು ಮದ್ರಾಸ್ ಸರ್ಕಾರದ ಛಾಯಾಚಿತ್ರಕಾರನಾಗಿ ನೇಮಕಗೊಂಡನು. ತಂಜಾವೂರಿನ ಬೃಹದೀಶ್ವರ ದೇವಾಲಯದ ಶಾಸನಗಳನ್ನು 21 ಚಿತ್ರಗಳಲ್ಲಿ ತೆಗೆದು, ಸುಮಾರು 19 ಅಡಿ ಉದ್ದದ ಒಂದೇ ಪಟವಾಗಿ ಜೋಡಿಸಿದನು. ಆದರೆ 1859ರಲ್ಲಿ ಗವರ್ನರನಾಗಿ ಬಂದ ಟ್ರೆವೆಲಿಯನ್ನನಿಗೆ ಈ ಕಾರ್ಯ ದುಂದುವೆಚ್ಚವಾಗಿ ತೋರಿತು. ಇಲಾಖೆಯ ಬಾಗಿಲು ಮುಚ್ಚಿತು. ಟ್ರೈಪ್ ಸೈನ್ಯದ ಕೆಲಸಕ್ಕೆ ಮರಳಿದನು. ಆ ಬಳಿಕ ಅವನು ತೆಗೆದ ಚಿತ್ರಗಳು ತೀರ ವಿರಳ. ನಿವೃತ್ತನಾಗಿ ಇಂಗ್ಲೆಂಡಿಗೆ ತೆರಳಿ, 1902ರಲ್ಲಿ ನಿಧನ ಹೊಂದಿದನು.