ಕಂಚಿನ ಕಿರುವಿಗ್ರಹಗಳ ಒಡತಿ: ಇಸಬೆಲ್ಲಾ ದೆಸ್ತೆ

ಅರಸರ ಚರಿತ್ರೆಯೆಂದರೆ ಯುದ್ಧಗಳ ಪಟ್ಟಿಯೆಂದೇ ನಾನು ಬಹುಕಾಲ ಭಾವಿಸಿದ್ದೆನು. ಪುನರುಜ್ಜೀವನ ಕಾಲದ ಇಟಲಿಯ ವಿಚಾರವನ್ನು ಓದತೊಡಗಿದಾಗ ಆ ಭಾವನೆಯನ್ನು ಅಳಿಸಿದವಳು ಮಾಂಟುವಾದ ಒಡತಿ ಇಸಬೆಲ್ಲಾ ದೆಸ್ತೆ.

1474ರಲ್ಲಿ ಫೆರಾರಾದ ಅರಮನೆಯಲ್ಲಿ ಜನಿಸಿದ ಈಕೆ ಬಾಲ್ಯದಲ್ಲಿಯೇ ಲ್ಯಾಟಿನ್ ಭಾಷೆಯನ್ನೂ ಸಂಗೀತವನ್ನೂ ಕಲಿತಳು. 1490ರಲ್ಲಿ ಮಾಂಟುವಾದ ಪ್ರಭು ಫ್ರಾನ್ಚೆಸ್ಕೊ ಗೊನ್ಜಾಗನ ಕೈಹಿಡಿದಳು. 1509ರಲ್ಲಿ ವೆನಿಸ್ಸಿನವರು ಪತಿಯನ್ನು ಸೆರೆಹಿಡಿದಾಗ ರಾಜ್ಯಭಾರವನ್ನು ತಾನೇ ಹೊತ್ತು ದಕ್ಷತೆಯಿಂದ ನಡೆಸಿದಳು.

ಆದರೆ ಆಕೆಯ ಮನಸ್ಸು ನೆಲೆಸಿದ್ದುದು ಕೋಟೆಯೊಳಗಿನ ಎರಡು ಸಣ್ಣ ಕೋಣೆಗಳಲ್ಲಿ. ಒಂದು ಓದಿನ ಕೋಣೆ, ಅದರಲ್ಲಿ ಚಿತ್ರಗಳು. ಗುಹೆಯೆಂದು ಹೆಸರಾದ ಇನ್ನೊಂದರಲ್ಲಿ ಪ್ರಾಚೀನ ಶಿಲ್ಪಗಳು, ಪದಕಗಳು, ಕಂಚಿನ ಕಿರುವಿಗ್ರಹಗಳು. ಈ ವಿಗ್ರಹಗಳಲ್ಲಿ ಹಲವನ್ನು ಮಾಡಿಕೊಟ್ಟವನು ಅಂತಿಕೊ ಎಂಬ ಶಿಲ್ಪಿ. ಅಕ್ಕಸಾಲೆಯಾಗಿ ಪಳಗಿದ್ದ ಈತನು ರೋಮಿನ ಮಹಾಶಿಲ್ಪಗಳನ್ನು ಮೊಳದೆತ್ತರಕ್ಕೆ ಇಳಿಸಿ ಎರಕ ಹೊಯ್ಯುತ್ತಿದ್ದನು. ಮೈಗೆ ಕಪ್ಪು ಹೊಳಪು, ಕೂದಲಿಗೆ ಚಿನ್ನದ ಲೇಪ, ಕಣ್ಣುಗಳಿಗೆ ಬೆಳ್ಳಿ. ಮೂಲದ ಮಾದರಿ ಕೆಡದ ವಿಧಾನವನ್ನು ಆತನು ಅರಿತಿದ್ದುದರಿಂದ ಒಂದೇ ವಿಗ್ರಹವನ್ನು ಮತ್ತೆ ಎರಕ ಹೊಯ್ಯಬಹುದಾಗಿತ್ತು. ಮೊದಲು ಬಿಷಪ್ ಲುಡೊವಿಕೊ ಗೊನ್ಜಾಗನಿಗಾಗಿ ಮಾಡಿದ್ದ ವಿಗ್ರಹಗಳ ಪ್ರತಿಗಳು 1519ರ ತರುವಾಯ ಇಸಬೆಲ್ಲಾಳಿಗೆ ದೊರೆತುದು ಹೀಗೆ. ಆಂಟೀಯಸನನ್ನು ಹರ್ಕ್ಯುಲಿಸನು ನೆಲದಿಂದ ಎತ್ತಿ ಹಿಡಿದಿರುವ ವಿಗ್ರಹದ ಪೀಠದಡಿಯಲ್ಲಿ ಆಕೆಯ ಹೆಸರಿದೆ. ಅಡಿಯಲ್ಲೇಕೆ ಹೆಸರು? ದೇಗುಲದ ಮೂರ್ತಿಯಂತೆ ದೂರದಿಂದ ನೋಡತಕ್ಕವಲ್ಲ ಇವು. ಕೈಗೆತ್ತಿಕೊಂಡು, ತಿರುಗಿಸಿ, ಬೆನ್ನನ್ನೂ ಬುಡವನ್ನೂ ನೋಡಿ ಸವಿಯತಕ್ಕವು.

ಈ ರಸಿಕತೆಗೆ ಒಂದು ಕಪ್ಪು ಮುಖವೂ ಉಂಟು. ಆಸ್ಥಾನದಲ್ಲಿ ನಾಲ್ವತ್ತಕ್ಕೂ ಹೆಚ್ಚು ವರ್ಷ ದುಡಿದು, ಆಕೆಯ ಕೋಣೆಗೂ ಚಿತ್ರ ಬರೆದುಕೊಟ್ಟಿದ್ದ ಮಾಂಟೆನ್ಯಾ 1506ರಲ್ಲಿ ರೋಗದಿಂದಲೂ ಸಾಲದಿಂದಲೂ ಬಳಲಿ, ತನ್ನ ಪ್ರಾಣದಂತಿದ್ದ ಫೌಸ್ಟಿನಾಳ ಪ್ರಾಚೀನ ಅಮೃತಶಿಲೆಯ ಪ್ರತಿಮೆಯನ್ನು 100 ಡುಕಾಟ್‌ಗೆ ಕೊಡುವೆನೆಂದನು. ಇಸಬೆಲ್ಲಾ ಚೌಕಾಸಿಗಿಳಿದಳು. ತಿಂಗಳುಗಳು ಉರುಳಿದವು. ಕಡೆಗೆ ಪ್ರತಿಮೆ ಆಕೆಯ ಕೈಸೇರಿತು. ಅದೇ ಸೆಪ್ಟೆಂಬರಿನಲ್ಲಿ ಮುದುಕನು ತೀರಿಕೊಂಡನು. ಕಲೆಯನ್ನು ಅಷ್ಟು ಪ್ರೀತಿಸಿದವಳಿಗೆ ಕಲಾವಿದನ ಕಷ್ಟ ಕಾಣದೆ ಹೋಯಿತೇ? ಈ ಪ್ರಶ್ನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ.

1539ರಲ್ಲಿ ಇಸಬೆಲ್ಲಾ ತೀರಿಕೊಂಡಳು. 1627-28ರಲ್ಲಿ ಗೊನ್ಜಾಗ ಮನೆತನದ ಕಲಾಸಂಗ್ರಹದ ಬಹುಭಾಗವು ಇಂಗ್ಲೆಂಡಿನ ಅರಸ ಒಂದನೆಯ ಚಾರ್ಲ್ಸನಿಗೆ ಮಾರಾಟವಾಯಿತು. 1630ರಲ್ಲಿ ಸೈನಿಕರು ಮಾಂಟುವಾವನ್ನು ಸೂರೆಗೈದರು. ಆ ಹರ್ಕ್ಯುಲಿಸನು ಈಗ ವಿಯೆನ್ನಾದ ವಸ್ತುಸಂಗ್ರಹಾಲಯದಲ್ಲಿದ್ದಾನೆ. ಒಡತಿ ಹೋದಳು, ಅರಮನೆ ಬರಿದಾಯಿತು. ಪೀಠದಡಿಯ ಹೆಸರು ಮಾತ್ರ ಉಳಿಯಿತು. ಅದನ್ನು ಉಳಿಸಿದುದು ಸಂಗ್ರಹಿಸಿದವಳ ಹಣವಲ್ಲ, ಎರಕ ಹೊಯ್ದವನ ಕೈ ಎಂದೇ ನನ್ನ ನಂಬಿಕೆ.