ಗಾಳಿಯಿಂದ ಅನ್ನ, ಅನ್ನದಿಂದ ಪಾಚಿ

ಫ್ರಿಟ್ಜ್ ಹೇಬರ್ ಎಂಬ ಹೆಸರನ್ನು ಶಾಲೆಯ ರಸಾಯನಶಾಸ್ತ್ರದ ಪಾಠದೊಂದಿಗೇ ಮರೆತವರೂ ದಿನಕ್ಕೆ ಎರಡು ಹೊತ್ತು ಆತನ ಋಣದಲ್ಲಿ ಉಣ್ಣುತ್ತಾರೆ. 1868ರಲ್ಲಿ ಬ್ರೆಸ್ಲಾವ್ ನಗರದ ಯಹೂದಿ ಕುಟುಂಬವೊಂದರಲ್ಲಿ ಹುಟ್ಟಿದ ಈ ಜರ್ಮನ್ ವಿಜ್ಞಾನಿ, 1909ರಲ್ಲಿ ಗಾಳಿಯ ಸಾರಜನಕವನ್ನು ಜಲಜನಕದೊಡನೆ ಅಧಿಕ ಒತ್ತಡದಲ್ಲಿ ಬೆಸೆದು ಅಮೋನಿಯಾ ಪಡೆದು ತೋರಿಸಿದ. ಕಾರ್ಲ್ ಬಾಷ್ ಅದನ್ನು ಕಾರ್ಖಾನೆಯ ಮಟ್ಟಕ್ಕೆ ಬೆಳೆಸಿದ. 1913ರಲ್ಲಿ ಉತ್ಪಾದನೆ ಆರಂಭವಾಯಿತು. ಇಂದು ಮನುಷ್ಯರ ದೇಹದಲ್ಲಿರುವ ಸಾರಜನಕದ ಸುಮಾರು ಅರ್ಧಭಾಗ ಈ ವಿಧಾನದಿಂದಲೇ ಬಂದದ್ದೆಂಬ ಅಂದಾಜಿದೆ.

ಅನ್ನ ಕೊಟ್ಟ ಕೈಯೇ ವಿಷವನ್ನೂ ಕೊಟ್ಟಿತು. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ರಣರಂಗದಲ್ಲಿ ನಡೆದ ಕ್ಲೋರಿನ್ ದಾಳಿಯನ್ನು ರೂಪಿಸಿದವನು ಹೇಬರ್. ಕೆಲವೇ ದಿನಗಳಲ್ಲಿ, ಸ್ವತಃ ರಸಾಯನ ವಿಜ್ಞಾನಿಯಾಗಿದ್ದ ಪತ್ನಿ ಕ್ಲಾರಾ ಆತ್ಮಹತ್ಯೆ ಮಾಡಿಕೊಂಡಳು. 1918ನೇ ಸಾಲಿನ ನೊಬೆಲ್ ಈತನಿಗೆ ಸಂದಾಗ ಹಲವರು ಕೆರಳಿದ್ದರಲ್ಲಿ ಆಶ್ಚರ್ಯವಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಪ್ರಸಂಗ. ಸೋತ ಜರ್ಮನಿಯ ಯುದ್ಧಪರಿಹಾರದ ಹೊರೆ ಇಳಿಸಲೆಂದು 1920ರ ದಶಕದಲ್ಲಿ ಆತ ಕಡಲ ನೀರಿನಿಂದ ಚಿನ್ನ ತೆಗೆಯಲು ಹೊರಟ. ಚಿನ್ನವಿದ್ದದ್ದು ಎಣಿಸಿದ್ದಕ್ಕಿಂತ ಎಷ್ಟೋ ಪಟ್ಟು ಕಡಿಮೆ. ಕೆಲಸ ಕೈಬಿಟ್ಟ. ಕಡಲಿನಿಂದ ಏನನ್ನೂ ಪಡೆಯಲಾಗದ ಆತ ಹೊಲಕ್ಕೆ ಕೊಟ್ಟ ಸಾರಜನಕ ಮಾತ್ರ ಕಡಲಿಗೆ ಹರಿಯುತ್ತಲೇ ಇದೆ.

ನಾನಿರುವ ಮಲ್ಲತ್ತಹಳ್ಳಿಗೂ ಕಡಲಿಗೂ ಬಲು ದೂರ. ಆದರೂ ಬೆಂಗಳೂರಿನ ಪಶ್ಚಿಮ ಭಾಗದ ಕೊಳಚೆ ನೀರು ವೃಷಭಾವತಿ, ಅರ್ಕಾವತಿ, ಕಾವೇರಿಯ ಹಾದಿಯಲ್ಲಿ ಬಂಗಾಳ ಕೊಲ್ಲಿಯತ್ತ ಸಾಗುತ್ತದೆ. ಗದ್ದೆಗೆ ಚೆಲ್ಲಿದ ಯೂರಿಯಾದ ಸಾರಜನಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಾಮಾನ್ಯವಾಗಿ ಪೈರಿಗೆ ದಕ್ಕುವುದೇ ಇಲ್ಲ. ಕೆಲವಂಶ ಗಾಳಿಗೆ, ಕೆಲವಂಶ ಮಳೆನೀರಿಗೆ. ದಕ್ಕಿದ್ದೂ ಅನ್ನವಾಗಿ ನಮ್ಮ ಒಡಲು ಹಾದು ಶೌಚದ ನೀರಿನೊಡನೆ ಕೆರೆಗೋ ರಾಜಕಾಲುವೆಗೋ ಇಳಿಯುತ್ತದೆ. ಸೋಪಿನ ಪುಡಿಯ ರಂಜಕವೂ ಜೊತೆಗೂಡುತ್ತದೆ. ಪಾಚಿಗೆ ಕೆರೆಯಲ್ಲಿ ಸಾಮಾನ್ಯವಾಗಿ ರಂಜಕದ ಕೊರತೆ, ಕಡಲಲ್ಲಿ ಸಾರಜನಕದ ಕೊರತೆ; ಎರಡನ್ನೂ ನಾವೇ ನೀಗಿಸುತ್ತಿದ್ದೇವೆ. ಉಕ್ಕಿ ಬೆಳೆದ ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಬರಿದಾಗಿ ಮೀನುಗಳು ಸಾಯುತ್ತವೆ.

ಎಲ್ಲ ಹೊಣೆಯೂ ನಮ್ಮದಲ್ಲ. 2020ರ ನವೆಂಬರ್‌ನಲ್ಲಿ ಮಂಗಳೂರು, ಉಡುಪಿಯ ಕಡಲಂಚಿನಲ್ಲಿ ರಾತ್ರಿ ಅಲೆಗಳು ನೀಲಿಯಾಗಿ ಹೊಳೆದಾಗ ಜನ ಬೆರಗಾಗಿ ನೋಡಿದರು. ಅದು ನಾಕ್ಟಿಲೂಕ ಎಂಬ ಸೂಕ್ಷ್ಮಜೀವಿಯ ಬೆಳಕು. ಅರಬ್ಬೀ ಸಮುದ್ರದಲ್ಲಿ ಮುಂಗಾರಿನ ಗಾಳಿಯೇ ಆಳದ ಪೋಷಕಾಂಶಗಳನ್ನು ಮೇಲೆತ್ತುತ್ತದೆ. ಗಾಳಿಯನ್ನು ನಿಲ್ಲಿಸಲಾಗದು, ಹೊಳೆಗಳು ಹೊತ್ತೊಯ್ಯುವ ನಮ್ಮ ಪಾಲನ್ನು ತಗ್ಗಿಸಬಹುದು. ಆದರೆ ಶುದ್ಧೀಕರಣವೆಂದರೆ ನೀರು ತಿಳಿಯಾಗಿ ಕಂಡರೆ ಸಾಕೆಂದು ನಾವು ನಂಬಿದ್ದೇವೆ. ತಿಳಿನೀರಿನಲ್ಲೂ ಸಾರಜನಕ, ರಂಜಕ ಕರಗಿಯೇ ಇರುತ್ತವೆ. ಅವನ್ನು ಬೇರೆಯಾಗಿಯೇ ತೆಗೆಯಬೇಕು.

ಹೇಬರ್ ಇದಾವುದನ್ನೂ ಕಾಣಲಿಲ್ಲ. 1933ರಲ್ಲಿ ಯಹೂದಿ ಮೂಲದ ಸಹೋದ್ಯೋಗಿಗಳನ್ನು ವಜಾ ಮಾಡಬೇಕೆಂಬ ನಾಜಿ ಕಾನೂನು ಬಂದಾಗ ರಾಜೀನಾಮೆಯಿತ್ತು ದೇಶ ತೊರೆದ. 1934ರ ಜನವರಿ 29ರಂದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ತೀರಿಕೊಂಡ. ಆತನ ವಿಧಾನ ನಮ್ಮ ಕಡಲಂಚಿನ ಪಣಂಬೂರಿನ ಗೊಬ್ಬರದ ಕಾರ್ಖಾನೆಗೆ ಬಂದದ್ದು 1970ರ ದಶಕದಲ್ಲಿ.